ಮೊದಲ ತಂಬಿಗೆ ನೀರು

ನನ್ನ ಎಡಗಾಲಿನ ಮೊಣಕಾಲ ಕೆಳಗೆ ಒಂದು ಕಲೆ ಇದೆ. ಚಿಕ್ಕವಳಿದ್ದಾಗ ನಮ್ಮೂರ ಕೆರೆ ಕಾಯುವ ಮುದುಕ ಬಡಿಗೆಯಿಂದ ಹೊಡೆದದ್ದು. ನಾನು ಮಾಡಿದ ಅಪರಾಧವಾದರೂ ಏನು? ನೀರು ತುಂಬಿಕೊಳ್ಳುವಾಗ ಜಾರಿ ಕಾಲಿನ ಹೆಬ್ಬೆರಳು ಕೆರೆಗೆ ತಾಗಿತ್ತು, ಅಷ್ಟೇ. "ಕಾಲ ಅದ್ದತೀ ಏನ ಬೇ, ನಿನ್ನ ಹೆಣಾ ಎತ್ಲಿ!" ಎಂದವನೇ ಬೀಸಿದ. ರಕ್ತ ಸುರಿಸಿಕೊಂಡು ಮನೆಗೆ ಓಡಿ ಬಂದರೆ ನಮ್ಮವ್ವ ಅರಿಶಿಣ ಮೆತ್ತಿದಳೇ ಹೊರತು ಅವನಿಗೆ ಒಂದು ಮಾತೂ ಅನ್ನಲಿಲ್ಲ. ಕೆರೆಗೆ ಕಾಲು ತಾಗಿಸಿದ್ದಕ್ಕೆ ಅವಳ ಕೈಯಿಂದಲೂ ಬೆನ್ನಿಗೆ ಎರಡು ಬಿದ್ದವು.

ಶಲವಡಿಯಿಂದ ಆಚೆ, ಎರೆಭೂಮಿಯ ನಡುವೆ ಇರುವ ಊರು ನಮ್ಮದು. ಎಲ್ಲಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಕುಡಿದರೆ ನಾಲಿಗೆಗೆ ಉಪ್ಪು ಹತ್ತುತ್ತದೆ. ಮಳೆಗಾಲದಲ್ಲಿ ಹಳ್ಳದಿಂದ ಹರಿದು ಬಂದು ಕೆರೆಯಲ್ಲಿ ನಿಂತ ನೀರೇ ಇಡೀ ಊರಿಗೆ ವರ್ಷವಿಡೀ ಕುಡಿಯುವ ನೀರು. ಆದ್ದರಿಂದ ಕೆರೆಯ ಕಟ್ಟುಪಾಡು ಗುಡಿಯ ಕಟ್ಟುಪಾಡಿಗಿಂತ ಬಿಗಿ. ಚಪ್ಪಲಿ ದಂಡೆಯ ಹೊರಗೇ ಬಿಡಬೇಕು. ಕೊಡಕ್ಕೆ ಮಣ್ಣು ಹಚ್ಚಿ ತಿಕ್ಕಿ, ತೊಳೆದ ನೀರನ್ನು ಕೆರೆಗೆ ಬೆನ್ನು ಮಾಡಿ ಚೆಲ್ಲಬೇಕು. ಕಲ್ಲು ಮೆಟ್ಟಿಲುಗಳ ಕೊನೆಯ ಪಾವಟಿಗೆಯ ಮೇಲೆ ನಿಂತು ಬಗ್ಗಿ ತುಂಬಿಕೊಳ್ಳಬೇಕು, ಕಾಲಿಗೆ ನೀರು ತಾಗಬಾರದು. ದನ ಇಳಿಯಬಾರದು, ಅರಿವೆ ಒಗೆಯಬಾರದು, ಮೀನು ಹಿಡಿಯಬಾರದು. ಇದನ್ನೆಲ್ಲ ನೋಡಿಕೊಳ್ಳಲು ಆ ಮುದುಕ. ಅವನನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದೆವು. ಹೆಂಡತಿ ಮಕ್ಕಳಿಲ್ಲ, ದಂಡೆಯ ಮೇಲಿನ ಗುಡಿಸಲೇ ಮನೆ. ಸುಗ್ಗಿಯಲ್ಲಿ ಊರವರು ಕೊಡುವ ಜೋಳವೇ ಅವನ ಊಟ. ಗೌಡರ ಮನೆಯವರನ್ನೂ ಬಿಡದೆ ಬಡಿದವನು. ಅವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನನಗಂತೂ ಅವನ ನೆರಳು ಕಂಡರೂ ಮೈ ಉರಿಯುತ್ತಿತ್ತು.

ಎಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಧಾರವಾಡದಲ್ಲಿ ಓದಿ ಬಂದು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವ್ವ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಣ್ಣ, ಅವನ ಹೆಂಡತಿ ವೈನಿ, ಅವರ ಒಂದು ವರ್ಷದ ಕೂಸು ಮತ್ತು ನಾನು. ಅಣ್ಣನೇ ನನ್ನನ್ನು ಓದಿಸಿದವನು. ಹೆಣ್ಣುಮಗಳಿಗೇಕೆ ವಿಜ್ಞಾನ ಎಂದು ಊರೆಲ್ಲ ಹೇಳಿದಾಗ "ನಮ್ಮ ತಂಗಿ ಓದಿದ್ರ ನಿಮ್ಮ ಹೊಟ್ಟಿ ಯಾಕ ಉರೀತೈತ್ರಿ?" ಎಂದು ಕಟ್ಟೆಯ ಮೇಲೆ ನಿಂತು ಕೇಳಿದವನು. ಅವನ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಈಗಲೂ ಇದೆ, ಏನು ಮಾಡಲಿ.

ನಮ್ಮ ಹೊಲ ಕೆರೆಯ ಮೇಲ್ದಿಕ್ಕಿಗೆ, ಹಳ್ಳದ ಬಾಜುವಿಗೇ ಇತ್ತು. ಅಣ್ಣ ಹೊಸ ತಳಿಯ ಹತ್ತಿ ಹಾಕಿದ್ದ. ಹತ್ತಿಗೆ ಹುಳು ಬಿತ್ತು. ಹುಳುವಿಗೆ ಎಣ್ಣೆ ಹೊಡೆದ. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣೆ ಎಂದೇ ಹೆಸರು. ಮೊದಲ ವರ್ಷ ಒಂದೆರಡು ಸಲ ಹೊಡೆದರೆ ಸಾಕಾಗುತ್ತಿತ್ತು. ಆಮೇಲೆ ಹುಳು ಜಗ್ಗಲಿಲ್ಲ, ಅಣ್ಣನೂ ಜಗ್ಗಲಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಮೈಯಲ್ಲಿ ಹೊಡೆಯುವುದು, ಸಂಜೆಗೆ ಪಂಪನ್ನೂ ಡಬ್ಬಿಗಳನ್ನೂ ಹಳ್ಳದ ಗುಂಡಿಯಲ್ಲಿ ತೊಳೆಯುವುದು. ಅವನೊಬ್ಬನೇ ಅಲ್ಲ, ಹಳ್ಳದ ಎರಡೂ ದಂಡೆಯ ರೈತರು ಅದನ್ನೇ ಮಾಡುತ್ತಿದ್ದರು.

"ಅಣ್ಣಾ, ಆ ಹಳ್ಳ ಕೆರಿಗೆ ಹೋಗತೈತಿ" ಎಂದೆ.

"ಎಣ್ಣಿ ನಾ ಹೊಲಕ್ಕ ಹೊಡ್ಯಾಕತ್ತೇನಿ, ಕೆರಿಗಲ್ಲ. ಕೆರಿ ಕಾಯಾಕ ಮುತ್ಯಾ ಅದಾನ" ಎಂದ.

ನಗು ಬಂತು. ಆದರೆ ಊರೆಲ್ಲ ನಂಬಿದ್ದೂ ಅದನ್ನೇ. ಪಾವಟಿಗೆಯ ಮೇಲೆ ಒಬ್ಬ ಬಡಿಗೆ ಹಿಡಿದು ಕುಂತಿದ್ದಾನೆ, ಹೆಬ್ಬೆರಳು ಅದ್ದಿದ ಹುಡುಗಿಯ ಕಾಲು ಒಡೆಯುತ್ತಾನೆ, ಇನ್ನೇನು ಬೇಕು? ಹಳ್ಳದ ಬಾಯಿಯಲ್ಲಿ ಕಾವಲು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮನುಷ್ಯರ ಕಾಲು ಕಾಯ್ದರೆ ನೀರು ಕಾಯ್ದ ಹಾಗೆ ಎಂದುಕೊಂಡಿದ್ದರು.

ಆ ವರ್ಷ ಉತ್ತರಿ ಮಳೆ ಒಂದೇ ಸಮನೆ ಹೊಡೆಯಿತು. ಎಣ್ಣೆ ಹೊಡೆದ ಮರುದಿನವೇ ಹೊಲದ ಎರೆಮಣ್ಣು ಕರಗಿ ಹಳ್ಳಕ್ಕೆ, ಹಳ್ಳ ಕೆರೆಗೆ. ಬೆಳಿಗ್ಗೆ ಕೊಡ ಒಯ್ದ ಹೆಂಗಸರು ಬೊಬ್ಬೆ ಹೊಡೆದರು. ನಾನು ಓಡಿ ಹೋಗಿ ನೋಡಿದರೆ ಕೆರೆಯ ತುಂಬ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವು ಇನ್ನೂ ಸತ್ತಿರಲಿಲ್ಲ. ದಂಡೆಗೆ ಬಂದು ಬಾಯಿ ತೆರೆದು ಹೊರಳುತ್ತಿದ್ದವು. ಕಪ್ಪೆ, ಹಾವುಗಳೂ ಸತ್ತು ಬಿದ್ದಿದ್ದವು. ಮೀನು ತಿನ್ನಲು ಬಂದ ಕಾಗೆಯೊಂದು ಪಾವಟಿಗೆಯ ಮೇಲೇ ರೆಕ್ಕೆ ಬಡಿದು ಸತ್ತದ್ದನ್ನು ನನ್ನ ಕಣ್ಣಾರೆ ಕಂಡೆ.

ಊರು ಕೂಡಿತು. ಕೂಡಿದ ಊರಿಗೆ ಒಬ್ಬ ಕಳ್ಳ ಬೇಕಿತ್ತು. ಹಿಂದಿನ ವಾರವಷ್ಟೇ ಗೌಡರ ಅಳಿಯ ಚಪ್ಪಲಿ ಮೆಟ್ಟಿ ಇಳಿದನೆಂದು ಮುತ್ಯಾ ಅವನ ತಲೆ ಒಡೆದಿದ್ದ. ಗೌಡರು ಬೈದದ್ದಕ್ಕೆ "ಈ ಕೆರಿ ನಿಮಗ ದಕ್ಕೂದಿಲ್ಲ" ಎಂದು ನಾಲ್ಕು ಜನರೆದುರು ಮಣ್ಣು ತೂರಿ ಶಾಪ ಹಾಕಿದ್ದ. ಅಷ್ಟು ಸಾಕಾಯಿತು.

"ಬೇಲೀನ ಎದ್ದು ಹೊಲಾ ಮೇಯ್ತ್ರಿ!" ಎಂದು ಯಾರೋ ಕೂಗಿದರು. "ಇವನ ಏನರೆ ಹಾಕ್ಯಾನ!"

ಗುಡಿಸಲಿನಿಂದ ಅವನನ್ನು ಎಳೆದು ತಂದರು. "ನಾ ಹಾಕಿಲ್ಲಲೇ, ನಿಮ್ಮೌನ, ನಾ ಯಾಕ ಹಾಕಲಿ?" ಎಂದು ಅವನು ಬೈಯುತ್ತಲೇ ಇದ್ದ. ಬೇಡಿಕೊಂಡಿದ್ದರೆ ಬಿಡುತ್ತಿದ್ದರೋ ಏನೋ, ಆ ಬಾಯಿಗೆ ಬೇಡುವುದು ಗೊತ್ತೇ ಇರಲಿಲ್ಲ. ಅವನದೇ ಬಡಿಗೆ ನಮ್ಮಣ್ಣನ ಕೈಗೆ ಬಂತು. ಅಣ್ಣ ಒಂದು ಸಲ ಕೆರೆಯ ಕಡೆ ನೋಡಿದ, ಒಂದು ಸಲ ನನ್ನ ಕಡೆ ನೋಡಿದ. ಆಮೇಲೆ ಹೊಡೆದ. ಮೊದಲ ಏಟು ಬಾಯಿಗೆ ಬಿತ್ತು. ಹಲ್ಲು ಮುರಿದ ಸಪ್ಪಳ ನನಗೆ ಕೇಳಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಗಾದೆ ಅಂದರೆ ಬರೀ ಮಾತು ಎಂದುಕೊಂಡಿದ್ದೆ. ಬರೆ ಎಳೆಯುವುದನ್ನು ನಿಂತು ನೋಡಿದೆ. ವಿಷ ಎಲ್ಲಿಂದ ಬಂತೆಂದು ಅಣ್ಣನಿಗೆ ಗೊತ್ತಿತ್ತು. ಆ ನೋಟದಲ್ಲೇ ನನಗೆ ತಿಳಿಯಿತು, ಅವನಿಗೆ ಗೊತ್ತಿತ್ತು.

ನಾನು ನಡುವೆ ನುಗ್ಗಿದೆ. "ಹೊಡೀಬ್ಯಾಡ್ರಿ! ವಿಷ ಹೊಲದಿಂದ ಬಂದೈತಿ. ನಮ್ಮ ಹೊಲದಿಂದ! ಎಣ್ಣಿ ಹೊಡಿಯೂದ ನಿಲ್ಸ್ರಿ, ಈ ನೀರ ಯಾರೂ ಒಯ್ಯಬ್ಯಾಡ್ರಿ!"

ಗೌಡರು ಶಾಂತವಾಗಿ ಕೇಳಿದರು: "ಪುರಾವಿ ಐತೇನ್ರಿ ಅಕ್ಕೋರ?"

ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರ ಎನ್ನುತ್ತಾರೆ. ನನ್ನ ತಲೆ ಕೆಟ್ಟು ಹೋಯಿತು. "ಮುತ್ಯಾನ ಹಲ್ಲ ಮುರಿಯಾಕ ನಿಮ್ಮ ಕಡೆ ಯಾವ ಪುರಾವಿ ಇತ್ತ್ರಿ ಗೌಡ್ರ?" ಎಂದೆ. ಹಿಂದಿನಿಂದ ಅಣ್ಣನ ಕೈ ಬಂತು. ಕೆನ್ನೆಗೆ ಬಿದ್ದ ಏಟಿಗೆ ನಾನು ಕೆಸರಿನಲ್ಲಿ ಬಿದ್ದೆ. ಹುಟ್ಟಿದಾಗಿನಿಂದ ಅವನು ನನ್ನ ಮೇಲೆ ಕೈ ಮಾಡಿರಲಿಲ್ಲ.

ಗೌಡರು ತೀರ್ಪು ಕೊಟ್ಟರು. "ಹಾಕಿಲ್ಲಂದ್ರ ಕುಡೀಲಿ. ಕುಡದ ಬದಕಿದ್ರ ಅವನೂ ಚೊಕ್ಕ, ನೀರೂ ಚೊಕ್ಕ." ಕೆರೆ ಮುಟ್ಟಿ ಆಣೆ ಮಾಡುವುದು ನಮ್ಮೂರಲ್ಲಿ ಹಳೆಯ ಪದ್ಧತಿ, ಸುಳ್ಳು ಹೇಳಿದವನಿಗೆ ಆ ನೀರು ದಕ್ಕುವುದಿಲ್ಲ ಎಂಬ ನಂಬಿಕೆ. ತಂಬಿಗೆಯಲ್ಲಿ ನೀರು ತಂದರು. ಮುತ್ಯಾ ರಕ್ತ ಉಗುಳಿ, ತಂಬಿಗೆ ಕಸಿದುಕೊಂಡು ಗಟಗಟ ಕುಡಿದ. ಕುಡಿದು ತಂಬಿಗೆಯನ್ನು ಗೌಡರ ಕಾಲ ಬಳಿ ಬಿಸಾಕಿದ. ಬಿಸಿಲು ಏರುವ ತನಕ ಎಲ್ಲರೂ ದಂಡೆಯ ಮೇಲೆ ಕುಂತು ಅವನನ್ನೇ ನೋಡಿದರು. ಅವನು ಸಾಯಲಿಲ್ಲ. ಹೆಂಗಸರು ಸತ್ತ ಮೀನುಗಳನ್ನು ಕೊಡದ ತಳದಿಂದ ಆಚೆ ಸರಿಸಿ ನೀರು ತುಂಬಿಕೊಂಡರು. ವೈನಿಯೂ ತುಂಬಿಕೊಂಡು ಬಂದಳು, ನಾಲ್ಕು ಪದರು ಅರಿವೆಯಲ್ಲಿ ಸೋಸಿ ಕೂಸಿಗೂ ಕುಡಿಸಲು ಹೋದಳು. ಆ ಲೋಟ ನಾನು ಕಸಿದುಕೊಂಡು ಚೆಲ್ಲಿದೆ. ಅವಳು ಇನ್ನೊಂದು ತುಂಬಿದಳು.

ಅಲ್ಲಿಗೆ ಮುಗಿಯಲಿಲ್ಲ. ಗೌಡರಿಗೆ ಈ ಪದ್ಧತಿ ಭಾಳ ಚಲೋ ಅನ್ನಿಸಿತು. ದಿನಾ ಬೆಳಿಗ್ಗೆ ಮೊದಲ ತಂಬಿಗೆ ಮುತ್ಯಾ ಕುಡಿಯಬೇಕು. ಅವನು ಎದ್ದು ನಡೆದಾಡುವುದನ್ನು ನೋಡಿದ ಮೇಲೆ ಊರು ತುಂಬಿಕೊಳ್ಳಬೇಕು. ಒಬ್ಬ ಮನುಷ್ಯನನ್ನು ಒರೆಗಲ್ಲು ಮಾಡಿ ಪಾವಟಿಗೆಯ ಮೇಲೆ ಕೂರಿಸಿದರು. ನಾನು ಶಾಲೆಯಲ್ಲಿ ಪ್ರಯೋಗ ಎಂದರೇನು ಎಂದು ಪಾಠ ಹೇಳುತ್ತಿದ್ದೆ. ಎರಡು ಕುಂಡದಲ್ಲಿ ಒಂದೇ ಬೀಜ ಹಾಕಿ, ಒಂದಕ್ಕೆ ಗೊಬ್ಬರ ಕೊಟ್ಟು ಒಂದಕ್ಕೆ ಬಿಟ್ಟು, ವ್ಯತ್ಯಾಸ ನೋಡಿರಿ ಎನ್ನುತ್ತಿದ್ದೆ. ನಮ್ಮೂರಿಗೆ ಇದ್ದದ್ದು ಒಂದೇ ಕೆರೆ. ಎಣ್ಣೆ ಬೀಳದ ಎರಡನೆಯ ಕೆರೆ ಎಲ್ಲಿಂದ ತರಲಿ?

ನಾನು ಸುಮ್ಮನೆ ಕೂರುವವಳಲ್ಲ. ಅಣ್ಣಿಗೇರಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿಗೆ ಹೋಗಿ, ಕಂಡ ಕಂಡ ಕಚೇರಿಯ ಬಾಗಿಲು ಬಡಿದೆ. ಕೊನೆಗೆ ನೀರು ಪರೀಕ್ಷಿಸುವ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಮತ್ತೆರಡು ಮಳೆಯಾಗಿ ಕೆರೆ ಕೋಡಿ ಬಿದ್ದಿತ್ತು. ಸಾಹೇಬರು ಸಭ್ಯರು, ತಿಳಿದವರು, ನನ್ನಂಥದೇ ಪುಸ್ತಕ ಓದಿದವರು. ಬಾಟಲಿಯಲ್ಲಿ ನೀರು ಒಯ್ದರು. ಕೆಲವು ದಿನಗಳಾದ ಮೇಲೆ ಮತ್ತೆ ಬಂದು ನಮ್ಮ ಶಾಲೆಯಲ್ಲಿ ಕುಂತು ಹೇಳಿದರು:

"ಏನೂ ಸಿಗಲಿಲ್ಲ ನೋಡ್ರಿ ಟೀಚರ್. ಮೀನು ಸಾಯಲಿಕ್ಕೆ ಬ್ಯಾರೆ ಕಾರಣಾನೂ ಇರಬಹುದು. ಕೆಸರು ನೀರು ಒಮ್ಮೆಲೇ ನುಗ್ಗಿದ್ರ ಉಸಿರು ಕಟ್ಟಿ ಸಾಯ್ತಾವ."

"ಕಾಗಿ ಯಾಕ ಸತ್ತಿತ್ರಿ?"

"ಕಾಗಿ ತಂದು ತೋರಿಸಿದ್ರ ನೋಡಬಹುದಿತ್ತು. ಸಾಬೀತಾಗಲಾರದೆ ವಿಜ್ಞಾನ ಮಾತಾಡೂದಿಲ್ಲ. ನಿಮಗ ನಾ ಹೇಳಬೇಕೇನ್ರಿ?"

ಅವರು ಹೇಳಬೇಕಾಗಿರಲಿಲ್ಲ. ಆ ಮಾತು ನಾನೇ ಒಂಬತ್ತನೆಯ ಇಯತ್ತೆಗೆ ಬರೆಸಿದ್ದೆ. "ಸಾಹೇಬ್ರ, ತಪ್ಪು ಎರಡ ನಮೂನಿ ಆಗತಾವು" ಎಂದೆ. "ಚೊಕ್ಕ ನೀರಿಗೆ ವಿಷ ಅಂದ್ರ ಒಂದ ತಪ್ಪು. ವಿಷಕ್ಕ ಚೊಕ್ಕ ಅಂದ್ರ ಇನ್ನೊಂದ. ಮೊದಲನೇ ತಪ್ಪಾದ್ರ ನಾವು ನಾಕ ದಿನ ಸವಳ ನೀರ ಕುಡೀತೇವಿ, ನಮ್ಮಣ್ಣನ ಹತ್ತಿ ಹುಳಾ ತಿಂತಾವು. ಎರಡನೇದಾದ್ರ ಕೂಸು ಸಾಯತೈತಿ. ಎರಡೂ ತಕ್ಕಡ್ಯಾಗ ಸಮ ತೂಗತಾವೇನ್ರಿ?"

"ಅದು ನೀತಿ ಪ್ರಶ್ನೆ ಆತ್ರಿ. ವಿಜ್ಞಾನದ್ದಲ್ಲ."

"ನೀವು ಸುಮ್ಮನಿದ್ದೇನಿ ಅಂತೀರಿ. ಊರು ಅದನ್ನ 'ಕುಡೀರಿ' ಅಂತ ಕೇಳಿಸ್ಕೊಂತೈತಿ. ಹಂಗಾದ್ರ ನೀವು ಸುಮ್ಮನ ಎಲ್ಲಿ ಅದೀರಿ?"

ಸಾಹೇಬರು ಟೋಪಿ ಹಾಕಿಕೊಂಡರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಮೇಜಿನ ಮೇಲಿದ್ದ ಖಾಲಿ ಬಾಟಲಿ ತೆಗೆದುಕೊಂಡು ಗೋಡೆಗೆ ಎಸೆದೆ. ಚೂರು ಅವರ ಬೂಟಿನ ತನಕ ಹಾರಿತು. ಅವರು ಜೀಪು ಹತ್ತಿ ಹೋದರು, ಹೆಡ್‌ಮಾಸ್ತರರು ನನಗೆ ಹುಚ್ಚು ಹಿಡಿದಿದೆ ಎಂದರು. ಈಗ ವಯಸ್ಸಾದ ಮೇಲೆ ದೊಡ್ಡ ಸಭೆಗಳಲ್ಲಿ ಕುಂತು ಕೇಳುತ್ತೇನೆ: ಪರಿಸರದ ಚಿಂತೆ ವಿಜ್ಞಾನದ ತತ್ವವನ್ನೇ ಬದಲಿಸುತ್ತಿದೆಯಂತೆ, ಪುರಾವೆಯ ಭಾರ ಯಾರು ಹೊರಬೇಕು ಎಂದು ಮತ್ತೆ ವಿಚಾರ ಮಾಡಬೇಕಂತೆ. ಚಹಾ ಕುಡಿಯುತ್ತ ಭಾಳ ನಯವಾಗಿ ಹೇಳುತ್ತಾರೆ. ನಮ್ಮೂರಲ್ಲಿ ಆ ಭಾರವನ್ನು ಹೊತ್ತವನು ಹಲ್ಲು ಮುರಿದ ಒಬ್ಬ ಮುದುಕ, ದಿನಕ್ಕೊಂದು ತಂಬಿಗೆಯಂತೆ.

ದೀಪಾವಳಿಯ ಹೊತ್ತಿಗೆ ಮುತ್ಯಾನ ಕೈ ನಡುಗತೊಡಗಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಚಳಿಯಲ್ಲೂ ಬೆವರುತ್ತಿದ್ದ. ನಾನು ಅವನ ಬಳಿ ಹೋದೆ, ಅವನೇ ಕಲೆ ಬೀಳಿಸಿದ ಕಾಲಿನಲ್ಲಿ. "ಮುತ್ಯಾ, ಕುಡೀಬ್ಯಾಡ. ಈ ನೀರಾಗ ವಿಷ ಐತಿ" ಎಂದೆ.

"ಹೋಗ ಹುಚ್ಚಿ. ಕೆರವ್ವ ಮುನದಾಳ" ಎಂದ. ಅವನ ಪ್ರಕಾರ ಗೌಡರ ಅಳಿಯನ ಚಪ್ಪಲಿಯಿಂದಲೇ ಎಲ್ಲ ಆದದ್ದು. ಎಣ್ಣೆಯ ಮಾತು ಅವನ ತಲೆಗೆ ಹೋಗಲೇ ಇಲ್ಲ.

ಊರವರನ್ನು ಕೇಳಿದರೆ "ವಯಸ್ಸಾತು, ಕೈ ನಡಗೂದ" ಎಂದರು. ಕೆಲವರು ನಮ್ಮಣ್ಣನ ಏಟಿನಿಂದ ಎಂದರು. ಹೊಟ್ಟೆಗಿಲ್ಲದ್ದಕ್ಕೆ ಎಂದರು. ಯಾವುದನ್ನೂ ಸುಳ್ಳು ಎನ್ನಲು ನನ್ನಿಂದಾಗಲಿಲ್ಲ. ವಯಸ್ಸೂ ಆಗಿತ್ತು, ಏಟೂ ಬಿದ್ದಿತ್ತು, ಹೊಟ್ಟೆಗೂ ಇರಲಿಲ್ಲ. ಒಂದು ಕಾರಣವನ್ನು ಉಳಿದವುಗಳಿಂದ ಬಿಡಿಸಿ ತೆಗೆದು ಇದೇ ಎಂದು ತೋರಿಸುವುದು ನನಗೆ ಕಲಿಸಿದ ವಿದ್ಯೆ. ಆ ಮುದುಕನ ಮೈಯೊಳಗೆ ಎಲ್ಲ ಕಾರಣಗಳೂ ಕೂಡಿ ಕುಂತಿದ್ದವು.

ಕಾರ್ತಿಕದ ಒಂದು ಬೆಳಿಗ್ಗೆ ಮುತ್ಯಾ ತಂಬಿಗೆ ಒದ್ದ. ನಾನು ಅಲ್ಲಿಯೇ ಇದ್ದೆ. ದಿನಾ ಹೋಗಿ ನಿಲ್ಲುತ್ತಿದ್ದೆ. ಕೊನೆಯ ಪಾವಟಿಗೆಯ ಮೇಲೆ ತೂರಾಡುತ್ತ ನಿಂತು ಬಡಿಗೆ ಎತ್ತಿದ. "ಯಾರೂ ಇಳೀಬ್ಯಾಡ್ರಿ! ನಾ ಕುಡದೇನಿ, ನನ್ನ ಕೈ ನೋಡ್ರಿ! ಈ ನೀರ ಯಾರೂ ಮುಟ್ಟಬ್ಯಾಡ್ರಿ!" ಎಂದ. ಮುಂದಿದ್ದ ಹೆಂಗಸಿನ ಮಣ್ಣಿನ ಕೊಡಕ್ಕೆ ಬೀಸಿದ, ಅದು ಚೂರಾಯಿತು. ಇನ್ನೊಂದು ಒಡೆದ. ಮೂರನೆಯದು ವೈನಿಯ ತಾಮ್ರದ ಕೊಡ. ಒಡೆಯಲಿಲ್ಲ, ಆದರೆ ಬಡಿಗೆ ಜಾರಿ ಅವಳ ಹೆಗಲಿಗೆ ತಾಗಿತು. ಅವಳು ಚೀರಿದಳು. ದಂಡೆಯ ಮೇಲೆ ಎತ್ತು ಹೊಡೆದುಕೊಂಡು ಹೊರಟಿದ್ದ ಅಣ್ಣ ಅದನ್ನು ಕಂಡ.

ಅಣ್ಣ ಇಳಿದು ಬಂದ ರಭಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವನ ಜೊತೆಗೆ ಇನ್ನಿಬ್ಬರು. ಬಡಿಗೆ ಕಸಿದರು. ಬೆನ್ನಿಗೆ, ಕಾಲಿಗೆ, ಕೈ ಅಡ್ಡ ತಂದರೆ ಕೈಗೆ. ನಾನು ಅಣ್ಣನ ತೋಳು ಕಚ್ಚಿದೆ. ಬಾಯಿಯಲ್ಲಿ ಅವನ ರಕ್ತದ ಉಪ್ಪು ಬಂತು, ಅವನಿಗೆ ಅದರ ಅರಿವೇ ಇರಲಿಲ್ಲ. "ಊರಿಗೆ ನೀರ ಇಲ್ಲಂತೀಯೇನಲೇ ಮುದಿಯಾ!" ಎನ್ನುತ್ತ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದಂಥ ಸಪ್ಪಳ. ಮುತ್ಯಾ ಹಿಂದಕ್ಕೆ ಬಿದ್ದ. ಕಾಲೆರಡೂ ಮೊಣಕಾಲ ತನಕ ಕೆರೆಯಲ್ಲಿ.

ಹಿಂದಿನಿಂದ ಒಂದು ದನಿ: "ಏ, ಕಾಲ ನೀರಾಗ ಬಿದ್ದಾವು, ಎಳೀರಿ ಎಳೀರಿ!" ಅವನು ಸತ್ತಿದ್ದ. ಅವರು ಅವನ ಕಾಲುಗಳನ್ನು ನೀರಿನಿಂದ ತೆಗೆಯುವ ಗಡಿಬಿಡಿಯಲ್ಲಿದ್ದರು. ಥೂ! ಆ ಗಳಿಗೆಯಲ್ಲಿ ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ನಾನೂ ಯಾರನ್ನಾದರೂ ಕೊಲ್ಲುತ್ತಿದ್ದೆ.

ಮಧ್ಯಾಹ್ನ ನವಲಗುಂದದಿಂದ ಪೊಲೀಸ್ ಫೌಜದಾರರು ಬಂದರು. ಅವರು ಬರುವಷ್ಟರಲ್ಲಿ ಊರಿಗೆ ಊರೇ ತತ್ವ ಬದಲಿಸಿತ್ತು. ಗೌಡರು ಎದ್ದು ನಿಂತು ಹೇಳಿದರು: "ಮುದುಕಾ ನೀರಿನ ವಿಷಕ್ಕ ಸತ್ತಾನ್ರಿ ಸಾಹೇಬ್ರ. ಕೆರ್ಯಾಗ ಎಣ್ಣಿ ಸೇರೇತ್ರಿ. ಕೈ ನಡಗಿ, ಚಕ್ಕರ ಬಂದು, ಪಾವಟಿಗಿ ಮ್ಯಾಲ ಬಿದ್ದು ತಲಿ ಒಡಕೊಂಡ. ನಮ್ಮ ಅಕ್ಕೋರು ಮೊದಲಿಂದ್ಲೂ ಬಡಕೊಂತಿದ್ರು, ನಾವ ಕೇಳಲಿಲ್ಲ." ಅಷ್ಟೇ ಅಲ್ಲ. ಮಾತಿಗೆ ಬಲ ಬರಲೆಂದು ಸಂಜೆಯೊಳಗೆ ಹಳ್ಳಕ್ಕೆ ಒಡ್ಡು ಹಾಕಿ ಬೇರೆ ಕಡೆ ತಿರುಗಿಸಿದರು. ಕೆರೆಯ ಸುತ್ತ ಜಾಲಿ ಮುಳ್ಳು ಹಚ್ಚಿದರು. ನಾನು ತಿಂಗಳುಗಟ್ಟಲೆ ಬಡಿದುಕೊಂಡರೂ ಆಗದ ಕೆಲಸ ಅರ್ಧ ದಿನದಲ್ಲಿ ಆಯಿತು. ಪುರಾವೆ ಯಾರೂ ಕೇಳಲಿಲ್ಲ.

ಸಂಜೆ ಅಣ್ಣ ಅಡುಗೆಮನೆಗೆ ಬಂದು ನನ್ನ ಕಾಲು ಹಿಡಿದ. ತೋಳಿಗೆ ನಾನು ಕಚ್ಚಿದ ಗಾಯಕ್ಕೆ ಅರಿವೆ ಕಟ್ಟಿತ್ತು. "ತಂಗೀ, ನಾಳೆ ಫೌಜದಾರ ನಿನ್ನ ಕೇಳ್ತಾನ. ನೀನು ಇಷ್ಟ ದಿನ ಹೇಳಿದ್ದನ್ನ ಹೇಳು, ಹೆಚ್ಚಿಗಿ ಬ್ಯಾಡ. ನೀರಾಗ ವಿಷ ಇತ್ತು ಅಂತ ಹೇಳು. ಖರೇನ ಅಲ್ಲೇನ ಅದು?"

ಖರೇನೇ. ನನ್ನ ಮಾತು ಹಿಡಿದೇ ಅವನು ಪಾರಾಗುವವನಿದ್ದ. ನೀರಿನಿಂದ ಸತ್ತ ಎಂದರೆ ಕೆರೆಗೆ ಹಾಕಿದ ಮುಳ್ಳು ಉಳಿಯುತ್ತದೆ, ಕೂಸು ಉಳಿಯುತ್ತದೆ, ಅಣ್ಣನೂ ಉಳಿಯುತ್ತಾನೆ. ಬಡಿತದಿಂದ ಸತ್ತ ಎಂದರೆ ಅಣ್ಣ ಜೇಲಿಗೆ, ನೀರು ನಿರಪರಾಧಿ. ಎರಡೂ ಸೇರಿ ಕೊಂದವು ಎಂಬುದು ನಿಜ. ನೀರು ಕುಡಿಯದಿದ್ದರೆ ಅವನು ಅಂದು ಬಡಿಗೆ ಎತ್ತುತ್ತಿರಲಿಲ್ಲ. ತಲೆಗೆ ಏಟು ಬೀಳದಿದ್ದರೆ ಅಂದು ಸಾಯುತ್ತಿರಲಿಲ್ಲ. ಆ ರಾತ್ರಿ ಪೂರ್ತಿ ಅಳುತ್ತಿದ್ದೆ.

ಫೌಜದಾರರ ಎದುರು ಎರಡೂ ಹೇಳಿದೆ. ಅವರು "ಒಂದ ಹೇಳ್ರಿ" ಎಂದರು. ಮುಂದೆ ಕೋರ್ಟಿನಲ್ಲಿ ಸರಕಾರಿ ವಕೀಲರು ನನ್ನನ್ನು ಬಾಜುವಿಗೆ ಕರೆದು "ನೀರಿನ ಮಾತು ತೆಗೀಲೇಬ್ಯಾಡ್ರಿ, ಕೇಸು ಬಿದ್ದ ಹೋಗತದ" ಎಂದು ಗದರಿಸಿದರು. ಅಲ್ಲಿಗೆ ನೀರಿನ ಸಾಹೇಬರೂ ಸಾಕ್ಷಿಗೆ ಬಂದಿದ್ದರು. ತಮ್ಮ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ ಎಂದರು, ಅದು ಸುಳ್ಳಲ್ಲ. ತಲೆ ಒಡೆದದ್ದು ಕಂಡ ಮೇಲೆ ಹೆಣ ಕೊಯ್ದ ಡಾಕ್ಟರರು ಹೊಟ್ಟೆಯಲ್ಲಿ ವಿಷ ಹುಡುಕಿರಲಿಲ್ಲ. ನಾನು ಕಟಕಟೆಯಲ್ಲಿ ನಿಂತು ನೀರಿನಲ್ಲಿ ವಿಷವಿತ್ತು ಎಂದೆ. ನ್ಯಾಯಾಧೀಶರು, ಸತ್ತದ್ದು ಅದರಿಂದಲೋ ಹೊಡೆತದಿಂದಲೋ, ಎರಡರಲ್ಲಿ ಒಂದು ಹೇಳಿ ಎಂದರು. ಅಣ್ಣ ಎದುರಿಗೇ ನಿಂತಿದ್ದ. ನನ್ನ ಕಿವಿಯಲ್ಲಿ ಆ ತೆಂಗಿನಕಾಯಿಯ ಸಪ್ಪಳ. ನೀರಿನಿಂದ ಎಂದರೆ ನಾಳೆ ಇನ್ನೊಬ್ಬನನ್ನೂ ಹೀಗೆಯೇ ಬಡಿದು ತಪ್ಪನ್ನು ಕೆರೆಯ ಮೇಲೆ ಹಾಕುತ್ತಾರೆ ಎನ್ನಿಸಿತು.

"ಬಡಿತದಿಂದ ಸತ್ತಾನ್ರಿ" ಎಂದೆ.

ಅಣ್ಣನಿಗೂ ಆ ಇಬ್ಬರಿಗೂ ಶಿಕ್ಷೆಯಾಯಿತು. ಹೋಗುವಾಗ ಅವನು ನನ್ನ ಕಡೆ ನೋಡಲಿಲ್ಲ.

ತೀರ್ಪಾದ ಸುದ್ದಿ ಊರಿಗೆ ನನಗಿಂತ ಮೊದಲೇ ಬಸ್ಸಿನಲ್ಲಿ ಬಂದಿತ್ತು. ಗೌಡರ ಕಡೆಯವರು ಅಂದೇ ಹಳ್ಳದ ಒಡ್ಡು ಕಡಿದರು, ಜಾಲಿ ಮುಳ್ಳು ಕಿತ್ತು ಒಲೆಗೆ ಒಯ್ದರು. ವರ್ಷದ ಹತ್ತಿರ ಸವಳು ನೀರು ಕುಡಿದು ಜನ ಬೇಸತ್ತಿದ್ದರು. "ಕೋರ್ಟನ ಹೇಳೇತಿ, ನೀರಿಂದ ಸತ್ತಿಲ್ಲಂತ. ಅಕ್ಕೋರ ಬಾಯ್ಲೆ ಹೇಳ್ಯಾರ" ಎಂದು ಕಟ್ಟೆಯ ಮೇಲೆ ಮಾತಾಯಿತು. ಉತ್ತರಿ ಮಳೆಗೆ ಇನ್ನು ಕೆಲವೇ ದಿನಗಳಿದ್ದವು. ಹಳ್ಳದ ದಂಡೆಯ ಹೊಲಗಳಲ್ಲಿ ಹತ್ತಿ ಹೂವಾಗಿತ್ತು, ಪಂಪುಗಳು ಸದ್ದು ಮಾಡುತ್ತಿದ್ದವು.

ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಯಿಂದ ಅಣ್ಣನ ಬಾರುಕೋಲು ತೆಗೆದುಕೊಂಡು ಹೋಗಿ ನಾನು ಕೆರೆಯ ಕೊನೆಯ ಪಾವಟಿಗೆಯ ಮೇಲೆ ನಿಂತೆ. ಮೊದಲು ಬಂದವಳು ವೈನಿ. ಕಂಕುಳಲ್ಲಿ ಅದೇ ತಾಮ್ರದ ಕೊಡ, ಮುತ್ಯಾನ ಏಟಿಗೆ ತಗ್ಗು ಬಿದ್ದದ್ದು. ನನ್ನನ್ನು ನೋಡಿಯೂ ನಿಲ್ಲದೆ ಇಳಿದು ಬಂದಳು.

"ದಾರಿ ಬಿಡ" ಎಂದಳು. "ನೀರಿಂದ ಸತ್ತಿಲ್ಲಂತ ಎಲ್ಲಾರ ಮುಂದ ನೀನ ಹೇಳಿದಿ. ಆ ಮಾತಿಗೆ ನನ್ನ ಗಂಡ ಜೇಲಿನ್ಯಾಗ ಅದಾನ. ಈಗ ನೀರ ತುಂಬಕೋತೇನಿ, ಬಿಡ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ಬಗ್ಗಿದಳು. ಮನೆಯಲ್ಲಿ ಕೂಸು ಎದ್ದು ಅಳುತ್ತಿರುತ್ತದೆ, ಮೊದಲ ಲೋಟ ಅದಕ್ಕೇ ಎಂದು ನನಗೆ ಗೊತ್ತಿತ್ತು. ಬಾರುಕೋಲು ಎತ್ತಿ ಹೊಡೆದೆ. ಕೊಡಕ್ಕಲ್ಲ, ಅವಳ ಮೊಣಕಾಲ ಕೆಳಗೆ, ನನಗೆ ಬಿದ್ದ ಜಾಗದಲ್ಲೇ. ರಕ್ತ ಬಂತು. ಕೊಡ ಉರುಳಿ ಪಾವಟಿಗೆಯ ಮೇಲೆ ಸದ್ದು ಮಾಡಿತು.

ವೈನಿ ಅಳಲಿಲ್ಲ. ಕಾಲು ಹಿಡಿದುಕೊಂಡು ಕುಂತು ನನ್ನ ಮುಖ ನೋಡಿದಳು.

"ಪುರಾವಿ ಸಿಕ್ಕತೇನು?" ಎಂದಳು.

"ಇಲ್ಲ."

"ಮುಂದ ಸಿಗತೈತೇನು?"

"ಗೊತ್ತಿಲ್ಲ ವೈನಿ."

ಅವಳು ಎದ್ದು ಖಾಲಿ ಕೊಡ ಕಂಕುಳಿಗೇರಿಸಿಕೊಂಡು, ಕುಂಟುತ್ತ, ಸವಳು ಬಾವಿಯ ಕಡೆ ಹೋದಳು. ಅವಳ ಹಿಂದೆ ಗೌಡರ ಸೊಸೆ ಇಳಿದು ಬರುತ್ತಿದ್ದಳು. ನಾನು ಮತ್ತೆ ಬಾರುಕೋಲು ಎತ್ತಿದೆ.